ಹಳದಿ ಅಂಗಿ, ನಂಬರ್ ಒಂದು

ಆಳಂದದ ಬಸ್ ಸ್ಟ್ಯಾಂಡಿನ ಎದುರಿಗೆ, ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿಕೊಂಡು ಬಸವೇಶ್ವರಿ ಬಾಡಿಗೆಗೆ ಕಾಯತೊಡಗಿದ ಮೊದಲ ತಿಂಗಳು ಗಿರಾಕಿಗಳಿಗೇನೂ ಬರವಿರಲಿಲ್ಲ. ಬರವಿದ್ದದ್ದು ಬಾಡಿಗೆ ಕೊಡುವ ಗಿರಾಕಿಗಳಿಗೆ.

ತಪ್ಪು ಆಕೆಯದಲ್ಲ, ಗಿರಾಕಿಗಳದೂ ಅಲ್ಲ, ನಮ್ಮ ಕಡೆಯ ನಾಲಿಗೆಯದು. ನಮ್ಮಲ್ಲಿ ಇಬ್ಬರು ಎದುರಾದರೆ ಮೊದಲ ಮಾತು ‘ಯಾವೂರ್ರಿ?’ ಎರಡನೆಯ ಮಾತು ‘ಯಾರ ಪೈಕಿ?’ ಮೂರನೆಯ ಮಾತಿಗೆ ಎಂಥ ದೂರದ ಸಂಬಂಧವಿದ್ದರೂ ಹೊರಗೆ ಬಂದೇ ಬರುತ್ತದೆ. ಬೈಕು ಊರು ದಾಟುವುದರೊಳಗೆ ಹಿಂದೆ ಕೂತ ಹೆಂಗಸು ಬಸವೇಶ್ವರಿಯ ಅತ್ತೆಯ ತಂಗಿಯ ನಾದಿನಿ ಎಂದು ಗೊತ್ತಾಗಿರುತ್ತಿತ್ತು. ಇಳಿಯುವ ಹೊತ್ತಿಗೆ ಆಕೆ ಚಿಗವ್ವ ಆಗಿಬಿಟ್ಟಿರುತ್ತಿದ್ದಳು. ಚಿಗವ್ವನ ಹತ್ತಿರ ಬಾಡಿಗೆ ಕೇಳುವ ಬಾಯಿ ಯಾರಿಗಿದೆ? ಚಿಗವ್ವನೂ ಕೆನ್ನೆ ಸವರಿ, “ಮನಿಗಿ ಬಾ ಬೇ, ಚಹಾ ಕುಡದ ಹೋಗು” ಎಂದು ನಡೆದುಬಿಡುತ್ತಿದ್ದಳು. ಮಣ್ಣೂರಿನಿಂದ ಬಂದ ಒಬ್ಬ ಮುದುಕಿಯಂತೂ ಇಳಿದ ಮೇಲೆ ಬಸವೇಶ್ವರಿಯ ಕೈಗೇ ಹತ್ತು ರೂಪಾಯಿ ಇಟ್ಟು, “ಬಳಿ ಇಡಿಸ್ಕೊ” ಎಂದು ಆಶೀರ್ವಾದ ಮಾಡಿ ಹೋಗಿದ್ದಳು. ಅದೊಂದೇ ಆ ವಾರದ ಗಳಿಕೆ.

ಬಸವೇಶ್ವರಿ ಈ ಧಂದೆ ಕಲಿತದ್ದು ಆಳಂದದಲ್ಲಿ ಅಲ್ಲ. ಗಂಡ ಸಂತೋಷಕುಮಾರ ಬೈಕ್ ಮೆಕ್ಯಾನಿಕ್. ಪಶ್ಚಿಮ ಆಫ್ರಿಕಾದ ಬೆನಿನ್ ಎಂಬ ದೇಶದಲ್ಲಿ, ಕೊಟೊನು ಎಂಬ ದೊಡ್ಡ ಊರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು. ಕಡೆಯ ಎರಡು ವರ್ಷ ಆಕೆಯೂ ಜೊತೆಗಿದ್ದಳು. ಆ ಊರಿನಲ್ಲಿ ಸಿಟಿ ಬಸ್ಸಿಗಿಂತ ಆಟೋಗಿಂತ ಹೆಚ್ಚು ನಡೆಯುವುದು ಬಾಡಿಗೆ ಬೈಕು. ಅದಕ್ಕೆ ಜೆಮಿಜಾನ್ ಎನ್ನುತ್ತಾರೆ. ಬೇಗ ನನ್ನನ್ನು ಒಯ್ಯಿ ಎಂಬುದು ಅದರ ಅರ್ಥ. ಓಡಿಸುವವರ ಮೈಮೇಲೆ ಹಳದಿ ಅಂಗಿ, ಬೆನ್ನ ಮೇಲೆ ನಂಬರು. ಕೋಟು ಹಾಕಿದ ಬ್ಯಾಂಕಿನವನೂ ಹಿಂದೆ ಕೂಡುತ್ತಾನೆ, ಬೆನ್ನಿಗೆ ಕೂಸು ಕಟ್ಟಿಕೊಂಡು ತಲೆಮೇಲೆ ಟೊಮೆಟೊ ಬುಟ್ಟಿ ಹೊತ್ತವಳೂ ಕೂಡುತ್ತಾಳೆ. ಯಾರೂ ಓಡಿಸುವವನನ್ನು ಹಿಡಿದುಕೊಳ್ಳುವುದಿಲ್ಲ. ಕೈ ಹಿಂದೆ ಕ್ಯಾರಿಯರಿಗೆ ಇರುತ್ತದೆ.

ಮೊದಲ ದಿನ ಬಸವೇಶ್ವರಿ ಗಂಡನ ಮುಖ ನೋಡಿದ್ದಳು, ಪರಗಂಡಸಿನ ಹಿಂದೆ ಕೂಡುವುದು ಹೇಗೆ ಎಂದು. ಆಮೇಲೆ ಎರಡು ವರ್ಷ ಕೊಜೊ ಎಂಬ ಒಬ್ಬನೇ ಆಕೆಯನ್ನು ದಿನಾ ಸಂತೆಗೆ ಒಯ್ದು ತಂದ. ನೀನು ಯಾರ ಹೆಂಡತಿ, ಯಾರ ಮಗಳು, ಮಕ್ಕಳೆಷ್ಟು ಎಂದು ಒಂದು ದಿನವೂ ಕೇಳಲಿಲ್ಲ. ಎಲ್ಲಿಗೆ ಎಂದ, ಇಷ್ಟು ಎಂದ, ಇಳಿಸಿದ. ಆಕೆಗೆ ಅದು ಎಷ್ಟು ಹಗುರೆನಿಸಿತೆಂದರೆ, ಆಳಂದದಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳುವುದೂ ಕಷ್ಟ. ಭಾನುವಾರ ಗಂಡನ ವರ್ಕ್‌ಶಾಪಿನ ಬೈಕು ತೆಗೆದುಕೊಂಡು ಆಕೆಯೂ ಕಲಿತಳು. ಆ ಊರಿನ ಓಣಿಗಳೆಲ್ಲ ಬರೀ ಮರಳು. ಮರಳಿನಲ್ಲಿ ಬ್ರೇಕ್ ಒತ್ತಬಾರದು, ಭಯ ಬಿದ್ದು ಎಕ್ಸಲೇಟರ್ ಬಿಡಬಾರದು, ಹಿಂದೆ ಕೂತವರು ಮುಂದಿನವರು ವಾಲಿದ ಕಡೆಗೇ ವಾಲಬೇಕು. ಇದನ್ನು ಹೇಳಿಕೊಟ್ಟವನೂ ಕೊಜೊ.

ವಾಪಸ್ ಬಂದ ಮೇಲೆ ಸಂತೋಷಕುಮಾರ ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟ. ಬಸವೇಶ್ವರಿ ಕಲಬುರಗಿಗೆ ಹತ್ತು ಸಲ ಓಡಾಡಿ ಕಾಗದಪತ್ರ ಮಾಡಿಸಿ, ಬೈಕಿಗೆ ಹಳದಿ ಪ್ಲೇಟು ಹಾಕಿಸಿದಳು. ಹೆಂಗಸರನ್ನು ಒಯ್ಯುವ ಹೆಂಗಸು ಆಳಂದದಲ್ಲಿ ಇರಲಿಲ್ಲ. ಬಸ್ಸು ಹೋಗದ ಹಳ್ಳಿಗಳು ಮಾತ್ರ ಬೇಕಾದಷ್ಟಿದ್ದವು. ಲೆಕ್ಕಾಚಾರವೆಲ್ಲ ಸರಿಯಿತ್ತು, ಚಿಗವ್ವಂದಿರನ್ನು ಬಿಟ್ಟು.

ದಾರಿ ತೋರಿಸಿದವಳು ಗೆಳತಿ ಗುಲಫಶಾ. ಗ್ಯಾರೇಜಿನ ಪಕ್ಕದಲ್ಲೇ ಆಕೆಯ ಟೇಲರಿಂಗ್ ಅಂಗಡಿ.

“ನೀ ಸೀರಿ ಉಟ್ಟ ಕುಂತ್ರ ಜಗದೇವಪ್ಪ ಸಾವಕಾರ್ರ ಸೊಸಿ. ಸೊಸಿಗಿ ಯಾರರೆ ರೊಕ್ಕ ಕೊಡ್ತಾರೇನ?” ಎಂದಳು ಗುಲಫಶಾ. “ಅಲ್ಲಿ ಅಂಗಿ ಹಾಕ್ತಿದ್ರು ಅಂದೆಲ್ಲ, ಹಂಗ ಒಂದ ಹೊಲದ ಕೊಡ್ತೇನಿ.”

ಹೊಲಿದೂ ಕೊಟ್ಟಳು. ಚೂಡಿದಾರದ ಮೇಲೆ ಹಾಕುವಂಥ ದೊಗಳೆ ಹಳದಿ ಅಂಗಿ. ಬೆನ್ನ ಮೇಲೆ ಕಪ್ಪು ಬಟ್ಟೆ ಕತ್ತರಿಸಿ ‘ನಂ. ೧’ ಎಂದು ಹಚ್ಚಿದಳು. ಇಷ್ಟಕ್ಕೇ ಆಕೆಗೆ ಸಮಾಧಾನ ಆಗಲಿಲ್ಲ. ನಂಬರಿನ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಸಂಬಂಧ ಕೇಳಬ್ಯಾಡ್ರಿ.’

ಊರು ನಕ್ಕಿತು. ನಗುತ್ತಲೇ ಬಾಡಿಗೆ ಕೊಡತೊಡಗಿತು. ಹಿಂದೆ ಕೂತವಳಿಗೆ ಬಾಯಿ ಕೆರೆದು ‘ಯಾರ ಪೈಕಿ’ ಎನ್ನಬೇಕೆನಿಸಿದರೂ ಕಣ್ಣೆದುರಿಗೇ ಬರೆದದ್ದು ಕಾಣುತ್ತಿತ್ತು. ಬಸವೇಶ್ವರಿಯೂ ನೇಮ ಮಾಡಿಕೊಂಡಳು. ಅಂಗಿ ಮೈಮೇಲೆ ಇರುವಷ್ಟು ಹೊತ್ತು ಯಾರೂ ಅತ್ತೆ ಅಲ್ಲ, ಚಿಗವ್ವ ಅಲ್ಲ. ಸಾಕ್ಷಾತ್ ಅತ್ತೆ ಶಿವಕಾಂತಾ ಕಣ್ಣಿನ ಆಸ್ಪತ್ರೆಗೆ ಹೋಗುವಾಗಲೂ ಇಪ್ಪತ್ತು ರೂಪಾಯಿ ಕೊಟ್ಟು ಇಳಿದಳು, ಮನೆಗೆ ಬಂದ ಮೇಲೆ ಸೊಸೆಗೆ ಚೆನ್ನಾಗಿ ಬೈದಳು.

ಆದರೆ ಮಾವ ಜಗದೇವಪ್ಪ ನಗಲಿಲ್ಲ. ತೊಗರಿ ಅಡತಿ ಅಂಗಡಿಯ ಸಾವಕಾರ್ರು. ತಲೆಯ ಮೇಲೆ ಸದಾ ಬಿಳಿ ರುಮಾಲು. ಪ್ರತಿವರ್ಷ ಬಸವ ಜಯಂತಿಗೆ ಕಾಯಕದ ಹಿರಿಮೆಯ ಮೇಲೆ ಒಂದು ತಾಸು ಭಾಷಣ ಮಾಡುವವರು. ಯಾವ ಕಾಯಕವೂ ಕೀಳಲ್ಲ ಎಂದು ಮೈಕು ನಡುಗುವಂತೆ ಹೇಳುವವರು. ಸೊಸೆಯ ಕಾಯಕ ಮಾತ್ರ ಆ ಭಾಷಣದೊಳಗೆ ಹಿಡಿಯಲಿಲ್ಲ.

“ಮಂದೀನ್ ಹಿಂದ ಕೂಡಿಸ್ಕೊಂಡ ತಿರಗತಾಳ, ಬೆನ್ನಮ್ಯಾಗ ನಂಬರ ಬ್ಯಾರೆ. ಬಾಜಾರದಾಗ ಮುಖ ಎತ್ತಿ ಅಡ್ಡ್ಯಾಡದಂಗ ಆಗ್ಯಾದ” ಎಂದು ಒಂದು ರಾತ್ರಿ ಊಟಕ್ಕೆ ಕೂತಾಗ ಸಿಡಿದರು. “ರೇವಮ್ಮನ ಮಗಳ ಲಗ್ನ ಬಂದೈತಿ. ಬೀಗರು ಸೊಲ್ಲಾಪುರದವರು, ದೊಡ್ಡ ಮಂದಿ. ಲಗ್ನದಾಗ ಆ ಅಂಗಿ ನನ್ನ ಕಣ್ಣಿಗಿ ಬೀಳಬಾರದು. ಲಗ್ನ ಆದ ಮರುದಿನ ದೌಲತರಾಯ ಬಂದು ಗಾಡಿ ಕೊಂಡ ಒಯ್ತಾನ. ನಾ ಮಾತ ಕೊಟ್ಟೀನಿ.”

ಸಂತೋಷಕುಮಾರ ಬಾಯಿ ತೆರೆದ. ಅಪ್ಪ ಕಣ್ಣು ಬಿಟ್ಟರು. ಮಗ ಬಾಯಿ ಮುಚ್ಚಿದ. ಇಂಜಿನ್ನಿನ ಎದುರಿಗೆ ಅವನು ಹುಲಿ, ಅಪ್ಪನ ಎದುರಿಗೆ ಅವನ ಕಥೆ ಬೇರೆ.

ಬಸವೇಶ್ವರಿ ಅಂದು ತಲೆ ತಗ್ಗಿಸಿ ರೊಟ್ಟಿ ಬಡಿಸಿದಳು. ಒಳಗೆ ಬಂದು ಒಲೆ ಕಟ್ಟೆಯ ಮುಂದೆ ಕೂತು ಅತ್ತಳು. ದುಡ್ಡಿಗಲ್ಲ. ಈ ಊರಿನಲ್ಲಿ ಮೊದಲ ಸಲ ಆಕೆಯನ್ನು ಯಾರದೋ ಸೊಸೆ, ಯಾರದೋ ಹೆಂಡತಿ ಎನ್ನದೆ ಆಕೆಯ ಕೆಲಸದಿಂದಲೇ ಗುರುತಿಸುತ್ತಿದ್ದರು. ‘ನಂಬರ್ ಒಂದು ಬಂದಳೇನ್ರಿ?’ ಎಂದು ಬೇವಿನ ಮರದ ಕೆಳಗೆ ಹೆಂಗಸರು ಕೇಳುವುದು ಆಕೆಗೆ ಬೇಕಾಗಿತ್ತು. ಅದು ಇನ್ನು ಹನ್ನೊಂದು ದಿನದ ಮಾತು.

ರೇವಮ್ಮ ಜಗದೇವಪ್ಪನವರ ಒಬ್ಬಳೇ ತಂಗಿ. ಕೊಟ್ಟದ್ದು ಗಡಿಯ ಊರು ಖಜೂರಿಗೆ. ಲಗ್ನವೂ ಅಲ್ಲೇ. ಆ ಮನೆತನದಲ್ಲಿ ಒಂದು ಕಟ್ಟುನಿಟ್ಟು: ಮದುಮಗಳಿಗೆ ಬಾಸಿಂಗ ತರುವವನೂ ಸೋದರಮಾವ, ಹಣೆಗೆ ಕಟ್ಟುವವನೂ ಸೋದರಮಾವ. ಅವನ ಕೈಯಿಂದ ಬಾಸಿಂಗ ಬೀಳದೆ ಅಕ್ಕಿಕಾಳು ಬೀಳುವಂತಿಲ್ಲ. ಹಿಂದೆ ಒಮ್ಮೆ ಸೋದರಮಾವ ಮುನಿಸಿಕೊಂಡು ಬಾರದ್ದಕ್ಕೆ ಲಗ್ನವೇ ಮೂರು ತಿಂಗಳು ಮುಂದೆ ಹೋದದ್ದನ್ನು ಮುದುಕಿಯರು ಇನ್ನೂ ಹೇಳುತ್ತಾರೆ.

ಲಗ್ನ ಗುರುವಾರ, ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಮುಹೂರ್ತ. ಶಿವಕಾಂತಾ ಮತ್ತು ಸಂತೋಷಕುಮಾರ ಹಿಂದಿನ ದಿನವೇ ಖಜೂರಿಗೆ ಹೋಗಿದ್ದರು. ಜಗದೇವಪ್ಪ ಹೋಗಲಿಲ್ಲ. ತೊಗರಿ ಹಂಗಾಮು, ಬೆಳಿಗ್ಗೆಯ ಹರಾಜಿನ ಸವಾಲು ಮುಗಿಸಿ ಹೊರಟರಾಯಿತು, ಒಂದು ತಾಸಿನ ದಾರಿ ಎಂದರು. ಬಸವೇಶ್ವರಿಯೂ ಉಳಿದಿದ್ದಳು. ದೀಪಾಲಿ ಟೀಚರನ್ನು ಹಳ್ಳದಾಚೆಯ ಶಾಲೆಗೆ ದಿನಾ ಬಿಡುವುದು ಆಕೆಯ ಖಾಯಂ ಬಾಡಿಗೆ. ಟೀಚರನ್ನು ಬಿಟ್ಟು, ಶಾಲೆಯಲ್ಲೇ ಅಂಗಿ ತೆಗೆದು ಸೀರೆ ಉಟ್ಟು, ಅಲ್ಲಿಂದ ಖಜೂರಿಗೆ ಹೋಗುವುದೆಂದು ಠರಾಯಿಸಿಕೊಂಡಿದ್ದಳು. ಮಾವನ ಮಾತು ಮೀರುವ ಮನಸ್ಸಿರಲಿಲ್ಲ. ಇಳಕಲ್ ಸೀರೆ ಚೀಲದಲ್ಲಿತ್ತು.

ಶಾಲೆ ಮುಟ್ಟಿ ಟೀಚರು ಕೊಟ್ಟ ನೀರು ಕುಡಿಯುತ್ತಿದ್ದಾಗ ಸಂತೋಷಕುಮಾರನ ಫೋನು ಬಂತು. ಗಂಟೆ ಹನ್ನೊಂದೂ ಕಾಲು; ಟೀಚರಿಗೆ ಆಳಂದದಲ್ಲಿ ಆಫೀಸಿನ ಕೆಲಸವಿದ್ದು ಅಂದು ಹೊರಡುವುದೇ ತಡವಾಗಿತ್ತು.

“ಎಲ್ಲಿದ್ದೀ? ಅಪ್ಪ ಬ್ರಿಜ್ಜಿನ ಆ ಕಡೆ ಸಿಕ್ಕೊಂಡಾರ. ಕಬ್ಬಿನ ಟ್ರಾಕ್ಟರ್ ಬಿದ್ದೈತಿ. ಎರಡೂ ಟ್ರೇಲರ್ ಅಡ್ಡ ಬಿದ್ದು, ಆಳೆತ್ತರ ಕಬ್ಬ ಬ್ರಿಜ್ಜ ತುಂಬ. ನಡದ ದಾಟಾಕೂ ದಾರಿಲ್ಲ ಅಂತ. ಇಲ್ಲಿಂದ ನಾ ಹೋಗಿ ಕರಕೊಂಡ ಬರಾಕ ಹೊತ್ತ ಸಾಲೂದಿಲ್ಲ. ಇಲ್ಲಿ ಸೋದರತ್ತಿ ಅಳಾಕತ್ತಾಳ.”

“ಬಾಸಿಂಗ?”

“ಅಪ್ಪನ ಹತ್ರಾನ ಐತಿ.”

ಫೋನು ಇಟ್ಟ ಮೇಲೆ ಬಸವೇಶ್ವರಿ ಹಳ್ಳದ ಕಡೆ ನೋಡಿದಳು. ಬ್ರಿಜ್ಜಿನ ಕೆಳಗೆ ಹಳ್ಳದ ಮರಳಿನಲ್ಲಿ ಹಾಯುವ ಬಂಡಿದಾರಿ ಶಾಲೆಗೆ ಹತ್ತಿರದ ಒಳದಾರಿ, ಆಕೆ ದಿನಾ ಎರಡು ಸಲ ದಾಟುವ ದಾರಿ. ಬೇರೆ ಬೈಕಿನವರು ಆ ಮರಳಿಗೆ ಇಳಿಯುವುದಿಲ್ಲ, ಚಕ್ರ ಹೂತರೆ ಎತ್ತುವವರಿಲ್ಲ. ಹೋಗುವುದಕ್ಕೇನೋ ಹೋಗಬಹುದು. ಆದರೆ ಮಾವ ಸೊಸೆಯ ಹಿಂದೆ ಕೂಡುವುದುಂಟೆ? ಮಾವನ ಎದುರಿಗೆ ಆಕೆ ಕುರ್ಚಿಯ ಮೇಲೆ ಕೂತವಳಲ್ಲ, ಸೆರಗು ಇಳಿಸಿದವಳಲ್ಲ. ಕೆಟ್ಟ ಯೋಚನೆಯೂ ಒಂದು ಬಂದು ಹೋಯಿತು, ಸುಳ್ಳೇಕೆ ಹೇಳಬೇಕು. ನಾಳೆ ನನ್ನ ಗಾಡಿ ಕಸಿದುಕೊಳ್ಳುವವರು ಇಂದು ಬಿಸಿಲಿನಲ್ಲಿ ನಿಂತರೆ ನನಗೇನು? ಆಮೇಲೆ ಮಣೆಯ ಮೇಲೆ ಕಾಯುತ್ತಿರುವ ಹುಡುಗಿಯ ನೆನಪಾಗಿ ಆಕೆಗೇ ನಾಚಿಕೆಯಾಯಿತು.

“ಸೀರಿ ಉಡಾಕ ಆಫೀಸ್ ರೂಮ ತಗಸ್ಲಿ?” ಎಂದರು ದೀಪಾಲಿ ಟೀಚರು.

“ಬ್ಯಾಡ್ರಿ ಟೀಚರ್. ಅಂಗಿ ಇನ್ನೂ ಬೇಕ್ರಿ” ಎಂದು ಬಸವೇಶ್ವರಿ ಬೈಕು ತಿರುಗಿಸಿದಳು. ಸೀರೆ ಉಟ್ಟು ಹೋದರೆ ಮಾವ ಹತ್ತುವುದಿಲ್ಲ. ಅಂಗಿ ಹಾಕಿಕೊಂಡು ಹೋದರೆ ಹತ್ತಿದರೂ ಹತ್ತಿಯಾರು.

ಹಳ್ಳ ದಾಟಿ ಬಂದಾಗ ಬ್ರಿಜ್ಜಿನ ಆಳಂದದ ಕಡೆಗೆ ಒಂದು ಮೈಲಿ ಗಾಡಿಗಳು ನಿಂತಿದ್ದವು. ಬೈಕಿನವರು ಬೈದುಕೊಳ್ಳುತ್ತ ವಾಪಸ್ ತಿರುಗುತ್ತಿದ್ದರು. ನಡುವೆ ಒಂದು ಕ್ರೂಸರ್ ಗಾಡಿ, ಅದರ ಪಕ್ಕದಲ್ಲಿ ಜಗದೇವಪ್ಪ, ಎರಡೂ ಕೈಯಲ್ಲಿ ಬಾಸಿಂಗದ ಪೆಟ್ಟಿಗೆ. ಅರವತ್ತಾರು ವರ್ಷದ ಮನುಷ್ಯ, ರುಮಾಲಿನ ಕೆಳಗಿನಿಂದ ಬೆವರು ಇಳಿಯುತ್ತಿತ್ತು. ಅವರು ಹಾಗೆ ದಿಕ್ಕೆಟ್ಟು ನಿಂತದ್ದನ್ನು ಆಕೆ ಎಂದೂ ನೋಡಿರಲಿಲ್ಲ.

ಹಳದಿ ಅಂಗಿ ನೋಡಿದ ಕೂಡಲೇ ಅವರ ಮುಖ ಬಿಗಿಯಿತು.

ಬಸವೇಶ್ವರಿ ‘ಮಾವಾರ’ ಎನ್ನಲಿಲ್ಲ. ಎಲ್ಲ ಗಿರಾಕಿಗಳನ್ನು ಕೇಳುವಂತೆಯೇ ಕೇಳಿದಳು. “ಎಲ್ಲಿಗ್ರಿ ಯಜಮಾನ್ರ?”

“ಏನಂದಿ?”

“ಎಲ್ಲಿಗಿ ಹೋಗಬೇಕ್ರಿ?”

“ಹುಚ್ಚ ಹಿಡದೈತೇನ ನಿನಗ? ಸೊಸಿ ಹಿಂದ ಮಾವ ಕೂಡೂದು ಎಲ್ಲ್ಯರೆ ಕೇಳಿದ್ದೇನ? ಮಂದಿ ಏನಂದಾರು?”

ಆಕೆ ಸೀಟಿನ ಮೇಲೆ ಕೂತಲ್ಲೇ ತಿರುಗಿ ಬೆನ್ನು ತೋರಿಸಿದಳು. ಕ್ರೂಸರಿನ ಡ್ರೈವರ್ ಅಲ್ತಾಫ ಸ್ಟೇರಿಂಗಿನ ಮೇಲಿಂದ ಬಗ್ಗಿ ಗಟ್ಟಿಯಾಗಿ ಓದಿದ.

“ನಂಬರ್ ಒಂದು. ಸಂಬಂಧ ಕೇಳಬ್ಯಾಡ್ರಿ. ಸಾವಕಾರ್ರ, ಸೊಸಿ ಅಂತ ಎಲ್ಲೂ ಬರದಿಲ್ರಿ. ಬಾಡಿಗಿ ಗಾಡಿ ಐತಿ, ಕೂಡ್ರಿ. ಹನ್ನೊಂದೂ ಮೂವತ್ತೈದ ಆತು.”

ಸುತ್ತಲಿನವರು ನಕ್ಕರು. ಜಗದೇವಪ್ಪನವರ ಕಿಸೆಯಲ್ಲಿ ಫೋನು ಮತ್ತೆ ಬಡಿದುಕೊಂಡಿತು. ತೆಗೆದರು. ರೇವಮ್ಮನ ಅಳು ಹೊರಗಿನವರಿಗೂ ಕೇಳಿಸಿತು. ಅವರು ಪೆಟ್ಟಿಗೆ ನೋಡಿದರು, ಬ್ರಿಜ್ಜಿನ ಕಡೆ ನೋಡಿದರು, ಕಡೆಗೆ ಅಂಗಿಯ ಬೆನ್ನು ನೋಡಿದರು.

“ಖಜೂರಿಗಿ” ಎಂದರು, ಗಂಟಲಿನಲ್ಲೇ.

“ಎಂಬತ್ತ ರೂಪಾಯಿ ಆಗ್ತಾವ್ರಿ. ಹೆಲ್ಮೆಟ್ ಹಾಕ್ಕೊಳ್ರಿ.”

“ರುಮಾಲ ತಗೀಬೇಕೇನ?”

“ತಗೀಲಿಲ್ಲಂದ್ರ ಗಾಡಿ ಹೊಂಡೂದಿಲ್ರಿ. ಟೀಚರಿಗೂ ಅದ ಮಾತು, ಯಾರಿಗಾದ್ರೂ ಅದ ಮಾತು.”

ನಡುರಸ್ತೆಯಲ್ಲಿ ಜಗದೇವಪ್ಪ ರುಮಾಲು ಬಿಚ್ಚಿದರು. ಬಸವೇಶ್ವರಿ ಆ ಬಟ್ಟೆಯನ್ನೇ ಎರಡು ಕೈಯೊಡ್ಡಿ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಬಾಸಿಂಗದ ಪೆಟ್ಟಿಗೆಯನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು ಅದರಿಂದಲೇ ಭದ್ರವಾಗಿ ಕಟ್ಟಿದಳು. ಮಾವನ ಎರಡೂ ಕೈ ಖಾಲಿಯಾದವು.

“ನನ್ನ ಹಿಡ್ಕೋಬ್ಯಾಡ್ರಿ. ಹಿಂದ ಕ್ಯಾರಿಯರ್ ಐತಿ, ಅದನ್ನ ಗಟ್ಟಿ ಹಿಡೀರಿ. ನಾ ಎತ್ತಾಗ ವಾಲ್ತೇನಿ ಅತ್ತಾಗ ವಾಲ್ರಿ.”

ಬಂಡಿದಾರಿ ಇಳಿಜಾರಿನಲ್ಲಿ ಹಳ್ಳಕ್ಕೆ ಇಳಿಯಿತು. ಎದುರಿಗೆ ನೂರು ಹೆಜ್ಜೆ ಮರಳು. ಟೀಚರಿಗಿಂತ ಮಾವನ ತೂಕ ಎರಡು ಪಟ್ಟು. ನಡುಮಧ್ಯಕ್ಕೆ ಬಂದಾಗ ಹಿಂದಿನ ಚಕ್ರ ಜಾರಿತು, ಬೈಕು ಎಡಕ್ಕೆ ಮಲಗತೊಡಗಿತು. ಬಸವೇಶ್ವರಿಯ ಬೆರಳು ಬ್ರೇಕಿನ ಮೇಲೆ ಹೋದವು. ಒತ್ತಿದರೆ ಮುಗಿಯಿತು, ಬಾಸಿಂಗವೂ ಇಲ್ಲ, ಲಗ್ನವೂ ಇಲ್ಲ. ಬೆರಳು ಹಿಂದಕ್ಕೆ ಎಳೆದುಕೊಂಡಳು. ಎಕ್ಸಲೇಟರ್ ಇನ್ನಷ್ಟು ತಿರುವಿದಳು.

“ಬಸವೇಶ್ವರೀ!” ಎಂದು ಜಗದೇವಪ್ಪ ಚೀರಿದರು.

“ನಂಬರ್ ಒಂದು ಅನ್ರಿ! ಬಲಕ್ಕ ವಾಲ್ರಿ, ಬಲಕ್ಕ!”

ವಾಲಿದರು. ಹುಟ್ಟಿದಾಗಿನಿಂದ ಯಾರ ಮಾತಿಗೂ ವಾಲದ ಮನುಷ್ಯ ಸೊಸೆಯ ಮಾತಿಗೆ ಪೂರ್ತಿ ಬಲಕ್ಕೆ ವಾಲಿದರು. ಬೈಕು ನೆಟ್ಟಗಾಯಿತು, ಮರಳು ಹಾರಿಸುತ್ತ ಹಳ್ಳದ ದಂಡೆ ಏರಿತು. ಕೊಜೊ ಇದ್ದಿದ್ದರೆ ಹಾರ್ನು ಹೊಡೆದು ಕುಣಿಯುತ್ತಿದ್ದ. ಬಸವೇಶ್ವರಿಯ ಎದೆಯೂ ಕುಣಿಯುತ್ತಿತ್ತು.

ಶಾಲೆಯ ಮುಂದೆ ಹಾಯುವಾಗ ಮಕ್ಕಳು ಕಿಟಕಿಗೆ ಮುತ್ತಿ ಕೂಗಿದವು. ಡಾಂಬರು ರಸ್ತೆ ಸಿಕ್ಕ ಮೇಲೆ ಹಿಂದಿನಿಂದ ಬಹಳ ಹೊತ್ತಿಗೆ ಒಂದು ದನಿ ಬಂತು, ಈ ಸಲ ಮೆಲ್ಲಗೆ.

“ನಂಬರ್ ಒಂದು.”

“ಹೇಳ್ರಿ.”

“ದಿನಾ ಆ ಹಳ್ಳ ದಾಟತೀಯೇನ?”

“ದಿನಾ ಎರಡ ಸಲರಿ.”

ಆಮೇಲೆ ಖಜೂರಿ ಬರುವ ತನಕ ಅವರ ಎದುರಿಗೆ ಅಂಗಿಯ ಬೆನ್ನು ಒಂದೇ ಇತ್ತು. ಅದನ್ನೇ ಓದುತ್ತ ಕೂತಿದ್ದರು.

ಕಲ್ಯಾಣ ಮಂಟಪದ ಬಾಗಿಲಿಗೆ ಬೈಕು ನಿಂತಾಗ ಹನ್ನೆರಡಕ್ಕೆ ಮೇಲೆ ಮೂರು ನಿಮಿಷ. ಬ್ಯಾಂಡಿನವರು ಊದುವುದು ಬಿಟ್ಟರು. ಮೈಯೆಲ್ಲ ಧೂಳು, ತಲೆಗೆ ಹೆಲ್ಮೆಟ್ಟು, ಧೋತರ ಮೊಣಕಾಲಿಗೆ ಏರಿಸಿದ ಆಕೃತಿ ಆಳಂದದ ಜಗದೇವಪ್ಪ ಸಾವಕಾರ್ರು ಎಂದು ಗುರುತು ಹಿಡಿಯಲು ಸ್ವಂತ ತಂಗಿಗೂ ಒಂದು ಗಳಿಗೆ ಬೇಕಾಯಿತು. ಗುರುತು ಹಿಡಿದವಳೇ ರೇವಮ್ಮ “ಅಣ್ಣಾ” ಎಂದು ಓಡಿ ಬಂದಳು.

ಜಗದೇವಪ್ಪ ಅವಸರ ಮಾಡಲಿಲ್ಲ. ಹೆಲ್ಮೆಟ್ ತೆಗೆದು ಕೊಟ್ಟರು. ಪೆಟ್ಟಿಗೆ ಬಿಚ್ಚಿಸಿಕೊಂಡು ರೇವಮ್ಮನ ಕೈಗಿತ್ತರು. ಎಲ್ಲರೆದುರಿಗೆ ರುಮಾಲನ್ನು ಸುತ್ತು ಸುತ್ತಾಗಿ ತಲೆಗೆ ಸುತ್ತಿಕೊಂಡರು. ಆಮೇಲೆ ಕಿಸೆಯಿಂದ ನೂರರ ನೋಟು ತೆಗೆದು ಚಾಚಿದರು.

ಬಸವೇಶ್ವರಿಗೆ ಬೇಡ ಎಂದುಬಿಡಲೆ ಅನಿಸಿತು. ಬೇಡ ಎಂದರೆ ಆಕೆ ಸೊಸೆ, ಅಂಗಿ ಸುಳ್ಳು. ನೋಟು ತೆಗೆದುಕೊಂಡು ಇಪ್ಪತ್ತು ರೂಪಾಯಿ ವಾಪಸ್ ಕೊಟ್ಟಳು. ಅವರು ಇಪ್ಪತ್ತನ್ನು ಮಡಿಚಿ ಕಿಸೆಗಿಟ್ಟರು.

ಸೊಲ್ಲಾಪುರದ ಬೀಗರ ಹಿರಿಯರೊಬ್ಬರು ಹತ್ತಿರ ಬಂದು ಕೇಳಿದರು. “ಭಾರಿ ಗಟ್ಟಿ ಹೆಣ್ಮಗಳ್ರಿ. ಯಾರ ಪೈಕಿ?”

ಶಿವಕಾಂತಾ ಸೆರಗು ಬಾಯಿಗೆ ಒತ್ತಿಕೊಂಡಳು.

“ಬೆನ್ನಮ್ಯಾಗ ಬರದೈತಿ ನೋಡ್ರಿ” ಎಂದರು ಜಗದೇವಪ್ಪ. “ಸಂಬಂಧ ಕೇಳೂಹಂಗಿಲ್ಲ.” ಇಷ್ಟು ಹೇಳಿ ಒಳಗೆ ನಡೆದರು.

ಹನ್ನೆರಡೂ ಹತ್ತಕ್ಕೆ ಸರಿಯಾಗಿ, ಮರಳು ಮೆತ್ತಿದ ಅದೇ ಕೈಯಿಂದ ತಂಗಿಯ ಮಗಳ ಹಣೆಗೆ ಬಾಸಿಂಗ ಕಟ್ಟಿದರು. ಅಕ್ಕಿಕಾಳು ಬಿದ್ದವು. ಬ್ಯಾಂಡು ಮಂಟಪ ಹಾರಿಹೋಗುವಂತೆ ಬಾರಿಸಿತು.

ಬಸವೇಶ್ವರಿ ಹಿಂದಿನ ಕೋಣೆಯಲ್ಲಿ ಮುಖ ತೊಳೆದು ಇಳಕಲ್ ಸೀರೆ ಉಟ್ಟಳು. ಅಂಗಿ ಮಡಿಚಿ ಚೀಲದಲ್ಲಿಟ್ಟಳು. ಇದೇ ಕಡೆಯ ಬಾಡಿಗೆಯಾದರೂ ಆಗಲಿ, ಇಂಥದ್ದೊಂದು ಬಾಡಿಗೆ ಆಳಂದದಲ್ಲಿ ಯಾರು ಹೊಡೆದಿದ್ದಾರೆ ಎಂದುಕೊಂಡಳು. ಆದರೂ ಕಣ್ಣು ತುಂಬಿ ಬಂತು.

ತಲೆತುಂಬ ಸೆರಗು ಹೊದ್ದು ಊಟದ ಪಂಕ್ತಿಗೆ ಬಂದಾಗ, ಮಾವ ಬೀಗರ ಜೊತೆ ಕೂತಿದ್ದರು. ಗಾಡಿ ಕೊಳ್ಳಬೇಕಾದ ದೌಲತರಾಯನೂ ಅಲ್ಲೇ ಎಲೆಯ ಮುಂದೆ ಇದ್ದ.

“ಸಾವಕಾರ್ರ, ನಾಳಿ ಮುಂಜಾನಿ ಬರ್ಲೇನ್ರಿ ಗಾಡಿಗಿ?” ಎಂದ.

“ನಾಳಿ ಮುಂಜಾನಿ ಗಾಡಿ ಖಾಲಿ ಇಲ್ಲಪ” ಎಂದರು ಜಗದೇವಪ್ಪ, ಹೋಳಿಗೆ ಮುರಿಯುತ್ತ. “ಟೀಚರ್ ಹೋಗೂದೈತಿ. ನಾಡಿದ್ದೂ ಐತಿ. ಅದು ಮಾರೂ ಗಾಡಿ ಅಲ್ಲ. ನಾ ಮಾತ ಕೊಟ್ಟದ್ದ ತಪ್ಪಾತು, ನನ್ನ ಮಾತ ವಾಪಸ್ ಕೊಡು.”

ಸಂತೋಷಕುಮಾರನ ಕೈಯಲ್ಲಿದ್ದ ಸಾರಿನ ಬಕೇಟು ಕೆಳಗಿಳಿಯಿತು.

ಜಗದೇವಪ್ಪ ಸೊಲ್ಲಾಪುರದ ಹಿರಿಯರ ಕಡೆ ತಿರುಗಿದರು. “ಆವಾಗ ಏನೋ ಕೇಳಿದ್ರಲ್ರಿ ನೀವು, ಬಾಗಲದಾಗ?”

“ಆ ಹೆಣ್ಮಗಳು ಯಾರ ಪೈಕಿ ಅಂತ ಕೇಳಿದ್ದೆ. ನೀವು ಹೇಳಲಿಲ್ಲ.”

“ಆವಾಗ ಹೇಳೂಹಂಗಿರಲಿಲ್ಲ, ಅಂಗಿ ಮ್ಯಾಲಿತ್ತು. ಈಗ ತಗದಾಳ.” ಅವರು ಕೈ ಎತ್ತಿ ಬಸವೇಶ್ವರಿಯನ್ನು ತೋರಿಸಿದರು. ಅವರ ದನಿ ಬಸವ ಜಯಂತಿಯ ಮೈಕಿನಲ್ಲೂ ಅಷ್ಟು ದೂರ ಹೋಗಿರಲಿಲ್ಲ. “ಈಗ ಕೇಳ್ರಿ.”

ಹಿರಿಯರು ನಗುತ್ತ ಕೇಳಿದರು. “ಯಾರ್ರಿ ಈಕಿ?”

“ನನ್ನ ಸೊಸಿ” ಎಂದರು ಜಗದೇವಪ್ಪ.